ಎರಡು ಸಲ ಕಟ್ಟಿದ ಕಾಲ್ದಾರ

ಹಲೋ… ಹಾಂ, ಹಲೋ, ಯಾರು ಮಾತಾಡೋದು? ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ತಗಡು ಬಡೀತಾ ಇದಾರೆ… ಲೋ, ನಿಲ್ಲಿಸ್ರೋ ಒಂದು ಗಳಿಗೆ. ಹಾಂ, ಈಗ ಹೇಳಿ. ಹಳೇ ಬ್ಯಾಟರಿನಾ, ತಾಮ್ರದ ತಂತಿನಾ? ಫ್ರಿಜ್ಜಾದ್ರೆ ನಾವೇ ಗಾಡಿ ತರ್ತೀವಿ.

…

ಗುಜರಿಗಲ್ವಾ? ಮತ್ತೆ?… ಯಾವ ಬುರುಲ್? ಈ ಓಷ್ ಊರಲ್ಲಿ ಬುರುಲ್ ಅಂತ ಕೂಗಿದ್ರೆ ಹತ್ತು ಜನ ತಿರುಗಿ ನೋಡ್ತಾರಮ್ಮ.

…

ಓ… ಅಧ್ಯಕ್ಷರ ಮನೆ ಬುರುಲ್.

…

ಇಲ್ಲ, ಇಟ್ಟಿಲ್ಲ ಫೋನು. ಕೂತ್ಕೊಂಡೆ ಅಷ್ಟೆ. ಹೂಂ, ನಾನೇ, ಮವ್ಜುದಾ. ಕಾಲುವೆಯಾಚೆ ಲ್ಯುಲಿ ಜನರ ಕೇರಿ ಮವ್ಜು. ನನ್ನ ನಂಬರ್ ಎಲ್ಲಿ ಸಿಕ್ತು ನಿಂಗೆ?… ಗೋಡೆ ಮೇಲೆ? ಹಾಂ, ಬರೆಸಿದೀನಲ್ಲ, ಊರ ತುಂಬಾ. 'ಹಳೇ ಕಬ್ಬಿಣ ಕೊಳ್ಳಲಾಗುತ್ತದೆ, ಮವ್ಜುದಾ.' ನಿಮ್ಮ ಕಾಂಪೌಂಡ್ ಮೇಲೂ ಬರೆಸಿದೀನಿ ಅಂತ ಗೊತ್ತಿರ್ಲಿಲ್ಲ. ಬೈಯೋಕೆ ಫೋನ್ ಮಾಡಿದ್ದಾ?

…

ನಲವತ್ತೊಂದು ವರ್ಷ. ನಾನು ಲೆಕ್ಕ ಇಟ್ಟಿಲ್ಲ, ಹಾಗೇ ನೆನಪಿದೆ. ನೀನು ನಂಗೆ ಈಜು ಕಲಿಸ್ದೆ, ನಾನು ನಿಂಗೆ ಬರಿಗಾಲಲ್ಲಿ ಓಡೋದು ಕಲಿಸ್ದೆ. ಕಾಲುವೇಲಿ ಚಿನ್ನದ ಹಲ್ಲಿನ ಮೀನಿದೆ ಅಂತ ಹೇಳಿದ್ನಲ್ಲ, ಜ್ಞಾಪಕ ಇದ್ಯಾ? ಅದಕ್ಕೆ ಚಾ ಅಂದ್ರೆ ಪ್ರಾಣ ಅಂದಿದ್ದಕ್ಕೆ ನೀನು ನಿಮ್ಮಜ್ಜಿ ಕೆಟ್ಲೇನೇ ತಂದು ಸುರಿದ್ಬಿಟ್ಟೆ. ಸಕ್ಕರೆ ಬೇರೆ ಹಾಕಿದ್ದೆ.

…

ನಗ್ತೀಯಲ್ಲ. ಹಾಗೇ ನಗ್ತಿದೀಯ ಇನ್ನೂ, ಮೂಗಲ್ಲಿ.

…

ಓಡೋದಾ? ನಾನಾ? ಅಯ್ಯೋ, ಎಡಗಾಲಿನ ಪಾದ ಕರಡಿ ತಿಂತು ಕಣೇ. ಸುಳ್ಳಲ್ಲ, ಮೇಲೆ ಬೆಟ್ಟದಲ್ಲಿ ಬಾದಾಮಿ ಆರಿಸ್ತಿದ್ದೆ, ಬಂತು, ಸಲಾಂ ಹೇಳ್ತು, ತಿಂತು. ರುಚಿ ಹಿಡಿಸ್ಲಿಲ್ಲ ಅಂತ ಇನ್ನೊಂದು ಬಿಟ್ಟೋಯ್ತು… ಆಯ್ತು, ಆಯ್ತು. ಲಾರಿಗೆ ಕಬ್ಬಿಣ ತುಂಬೋವಾಗ ಪೈಪ್ ಬಿತ್ತು, ಆಸ್ಪತ್ರೇಲಿ ಪಾದ ತೆಗೆದ್ರು. ಆರು ವರ್ಷ ಆಯ್ತು. ಊರುಗೋಲು ಹಿಡ್ಕೊಂಡು ನಡೀತೀನಿ. ಕರಡೀದೇ ಚೆನ್ನಾಗಿದೆ, ನೀನೇ ಕೇಳಿ ಕೆಡಿಸ್ದೆ.

…

ಏನು ವಿಷಯ, ಹೇಳು. ನಲವತ್ತೊಂದು ವರ್ಷ ಆದ್ಮೇಲೆ ನನ್ನ ಕಾಲು ವಿಚಾರಿಸೋಕೆ ಫೋನ್ ಮಾಡಿರಲ್ಲ ನೀನು.

…

ಹಾಂ… ಮೊಮ್ಮಗ. ಒಳ್ಳೇದು. ಎಲ್ದಾರ್. ಒಳ್ಳೇ ಹೆಸರು… ಮೂರು ವರ್ಷನಾ? ಇನ್ನೂ ನಡೆಯಲ್ವಾ?… ಡಾಕ್ಟ್ರು ಏನಂದ್ರು?… ರಾಜಧಾನೀಲೂ ತೋರಿಸಿದ್ರಾ? ಕಾಲಲ್ಲಿ ಏನೂ ದೋಷ ಇಲ್ಲ ಅಂದ್ರಾ? ಮತ್ತೆ ಯಾಕೆ ನಿಲ್ಲಲ್ಲ?

…

ನಿಮ್ಮಮ್ಮ ಇನ್ನೂ ಇದಾರಾ? ಅವರು ಏನಂದ್ರು?

…

ಇನ್ನೊಂದು ಸಲ ಹೇಳು. 'ಅವತ್ತು ನಾವು ಮತ್ತೆ ಕಟ್ಟಿದ ಗಂಟೇ ಈ ಮಗು ಕಾಲಲ್ಲಿದೆ.' ಹಾಗಂದ್ರಾ? ನಿಮ್ಮಮ್ಮನ ಬಾಯಿಂದ ಬಂತಾ ಈ ಮಾತು?

…

ಮರೆಯೋದೆಲ್ಲಿ ಬಂತು? ನಿನ್ನ ತಮ್ಮ ತಾಲಾಯ್‌ಗೆ ಕಾಲ್ದಾರ ಕತ್ತರಿಸೋ ಶಾಸ್ತ್ರ. ನಿಮ್ಮಂಗಳದಲ್ಲಿ ಎರಡು ಕುರಿ ಕೊಯ್ದಿದ್ರು. ಅವನನ್ನ ನಿಲ್ಲಿಸಿ ಎರಡು ಕಾಲಿಗೂ ಕರಿ ಬಿಳಿ ಹುರಿ ಸುತ್ತಿದ್ರು. ಮಕ್ಕಳೆಲ್ಲ ದೂರದಿಂದ ಓಡಿ ಬರಬೇಕು, ಮೊದಲು ಬಂದೋರು ಚಾಕು ಹಿಡಿದು ಹುರಿ ಕತ್ತರಿಸಬೇಕು, ಆಗ ಮಗು ಅವರ ಹಾಗೇ ಚುರುಕಾಗಿ ನಡೆಯತ್ತೆ. ನಾನು ಬೇಲಿಯಾಚೆ ನಿಂತಿದ್ದೆ, ಮೂಳೆ ಎಸೀತಾರೇನೋ ಅಂತ. ಸುಳ್ಳು ಹೇಳಲ್ಲ, ಮೂಳೆಗೇ ನಿಂತಿದ್ದೆ. ಕೈ ಹಿಡಿದು ಒಳಗೆ ಎಳ್ಕೊಂಡಿದ್ದು ಯಾರು? 'ಬಾರೆ ಮವ್ಜು, ನೀನು ಓಡಿದ್ರೆ ನನ್ನ ತಮ್ಮ ಕುದುರೆ ಆಗ್ತಾನೆ' ಅಂದಿದ್ದು ಯಾರು?

…

ಹೂಂ, ನೀನು. ನಾನು ಓಡ್ದೆ. ಗಾಳಿ ಹಿಂದೆ ಬಿತ್ತು ಅವತ್ತು. ಇದು ಕತೆ ಕಟ್ಟಿದ್ದಲ್ಲ, ನೀನೇ ನೋಡಿದೀಯ. ನಿಮ್ಮ ಮೇಷ್ಟ್ರ ಮಗ ಅರ್ಧ ದಾರೀಲಿದ್ದ, ಅಷ್ಟರಲ್ಲಿ ನಾನು ಕತ್ತರಿಸಿಯೂ ಆಗಿತ್ತು. ತಾಲಾಯ್ ನನ್ನ ಕೈ ಬೆರಳು ಹಿಡಿದು ಎರಡು ಹೆಜ್ಜೆ ಇಟ್ಟ. ಎರಡು. ಎಣಿಸಿದೀನಿ.

…

ಆಮೇಲೆ ನಿಮ್ಮಜ್ಜಿ ಕೇಳಿದ್ರು, 'ಈ ಲ್ಯುಲಿ ಹುಡುಗೀನ ಯಾರು ಒಳಗೆ ಬಿಟ್ಟಿದ್ದು? ಭಿಕ್ಷುಕರ ಕೈ ತಾಗಿದ ಮಗು ಭಿಕ್ಷೆಗೇ ನಡೆಯತ್ತೆ' ಅಂತ. ಎಲ್ರೂ ನಿನ್ನ ಮುಖ ನೋಡಿದ್ರು. ನೀನೇನಂದೆ?… ಹೇಳು. ನಾನು ಹೇಳಲ್ಲ, ನೀನೇ ಹೇಳು.

…

ಹಾಂ. 'ಯಾರೋ. ನಂಗೊತ್ತಿಲ್ಲ.' ಸರಿಯಾಗಿ ನೆನಪಿದೆ ನಿಂಗೂ.

…

ನೀನು ಹತ್ತು ವರ್ಷದ ಹುಡುಗಿ, ಹೆದರಿದ್ದೆ, ಸರಿ. ನಂಗೂ ಹತ್ತೇ ಕಣೇ. ಮಗು ಕಾಲಿಗೆ ಹೊಸ ಹುರಿ ಕಟ್ಟಿ, ಮೇಷ್ಟ್ರ ಮಗನ ಕೈಲಿ ಕತ್ತರಿಸಿ, ಗೆದ್ದೋರಿಗೆ ಅಂತಿಟ್ಟಿದ್ದ ಕೆಂಪು ಬೂಟು ಅವನಿಗೇ ಕೊಟ್ರು. ನನ್ನ ಕೈ ಮುಟ್ಟಿದ ಚಾಕೂನ ಬೂದಿ ಹಾಕಿ ಉಜ್ಜಿದ್ರು. ಬೇಲಿ ಸಂದೀಲಿ ನೋಡ್ತಾ ನಿಂತಿದ್ದೆ. ಅಷ್ಟು ಉಜ್ಜಿದ್ರೆ ಸವೆದು ಸೂಜಿ ಆಗೋಗತ್ತೆ ಅಂತ ಅನ್ನಿಸ್ತು. ನಗೂನೂ ಬಂತು.

…

ಅಳಬೇಡ. ಈಗ ಅತ್ತು ಏನು… ತಾಲಾಯ್ ಹೆಂಗಿದಾನೆ?… ಸಕ್ಕರೆ ಕಾಯಿಲೆನಾ? ಕಾರಿಂದ ಇಳಿಯೋದೇ ಇಲ್ವಾ? ನೋಡು, ಮೇಷ್ಟ್ರ ಮಗನ ಹಾಗೇ ಆದ.

…

ಹೇಳು, ನನ್ನಿಂದ ಏನಾಗಬೇಕು?… ನಾನು ಬಂದು ಕತ್ತರಿಸಬೇಕಾ? ನಾನೇನಾ?

…

ಬರ್ತೀನಿ. ಇದರಲ್ಲೇನಿದೆ, ಬರ್ತೀನಿ. ಯಾವತ್ತು ಇಟ್ಕೊಂಡಿದೀರಿ? ಜನ ಕರೀರಿ, ಕುರಿ ಕೊಯ್ರಿ. ಮಕ್ಕಳನ್ನ ಸಾಲಾಗಿ ನಿಲ್ಲಿಸ್ರಿ, ಜೊತೇಲಿ ನಾನೂ ನಿಲ್ತೀನಿ, ಊರುಗೋಲು ಹಿಡ್ಕೊಂಡು. ನಿಮ್ಮ ಶಾಸಕರ ಮಕ್ಕಳು, ಡಾಕ್ಟರ ಮಕ್ಕಳು ಎಲ್ಲ ನನ್ನ ಹಿಂದೆ ಮೆಲ್ಲಗೆ ಬರ್ಲಿ, ನಾನು ಗೆಲ್ಲೋವರೆಗೂ. ಮಧ್ಯಾಹ್ನದವರೆಗೂ ಓಟ ನಡೆಯತ್ತೆ ನೋಡು, ಪಲಾವ್ ತಣ್ಣಗಾಗೋಗತ್ತೆ.

…

ಯಾಕೆ, ನಗು ಬರ್ಲಿಲ್ವಾ?

…

ಗುರುವಾರ. ಬೆಳಿಗ್ಗೆ. ಹಾಂ… ಹಿಂದಿನ ಗೇಟಿಂದ. ದನದ ಕೊಟ್ಟಿಗೆ ಕಡೆಯಿಂದ… ಯಾರೂ ಇರಲ್ಲ. ನೀನು, ಮಗು, ನಾನು… ಸೊಸೆಗೆ ಗೊತ್ತಾಗಬಾರದು. ಅವಳ ಕಡೆಯೋರು ದೊಡ್ಡ ಜನ. ಹಾಂ, ಹಾಂ. ಕೇಳಿಸ್ಕೋತಾ ಇದೀನಿ.

…

ಹಿಟ್ಟಾ? ಎರಡು ಮೂಟೆ ಹಿಟ್ಟು ಕೊಡ್ತೀಯಾ?

…

ನಾನು ಹಿಟ್ಟು ಕೇಳಿದ್ನಾ, ಬುರುಲ್? ಬಾಯಿ ಬಿಟ್ಟು ಕೇಳಿದ್ನಾ? ನಮ್ಮ ಕೇರಿ ಹೆಂಗಸರು ಕೇಳ್ತಾರೆ, ನಿಜ, ಮಸೀದಿ ಮುಂದೆ ಕೂತು ಕೇಳ್ತಾರೆ, ನಮ್ಮವ್ವ ಕೇಳೇ ನನ್ನ ಸಾಕಿದ್ಲು. ನಾನು ನಿನ್ನ ಹತ್ರ ಯಾವತ್ತಾದ್ರೂ ಕೇಳಿದೀನಾ? ನೀನು ಸ್ಕರ್ಟಲ್ಲಿ ಬಚ್ಚಿಟ್ಟು ತರ್ತಿದ್ದ ರೊಟ್ಟೀನೂ ಅರ್ಧ ನಿಂಗೇ ತಿನ್ನಿಸ್ತಿದ್ದೆ. ಇಲ್ಲ ಕಣಮ್ಮ. ಮುಂದಿನ ಗೇಟು. ಹಾಡು ಹಗಲು. ಜನ ನೋಡಬೇಕು, ನಿಮ್ಮಮ್ಮ ಕುರ್ಚಿ ಹಾಕ್ಕೊಂಡು ನೋಡಬೇಕು. ಇಲ್ಲಾಂದ್ರೆ ಬೇರೆ ಯಾರನ್ನಾದ್ರೂ ಕರ್ಕೊ, ಓಡೋರು ಬೇಕಾದಷ್ಟು ಜನ ಇದಾರೆ.

…

ಏನದು ಶಬ್ದ?… ಎದ್ದನಾ? ನಮ್ಮ ಮಾತಿಗೆ ಎಚ್ಚರ ಆಯ್ತೇನೋ… ಬೇಡ, ನಾನೇನು ಮಾತಾಡ್ಲಿ ಅವನ ಹತ್ರ? ಬೇಡ ಬುರುಲ್, ಕೊಡಬೇಡ…

…

ಹಲೋ. ಎಲ್ದಾರ್? ಹಾಂ, ಅಜ್ಜಿ. ಇನ್ನೊಂದು ಅಜ್ಜಿ… ಏನು ತಿಂದೆ?… ಬರೀ ಜಾಮ್ ಅಷ್ಟೇನಾ? ಕಳ್ಳ. ಕೇಳಿಲ್ಲಿ, ಕಾಲುವೇಲಿ ಒಂದು ಮೀನಿದೆ, ಚಿನ್ನದ ಹಲ್ಲು ಅದಕ್ಕೆ. ಚಾ ಕುಡಿಯತ್ತೆ… ಹೂಂ, ಸಕ್ಕರೆ ಹಾಕಿ. ನಿಮ್ಮಜ್ಜಿ ಚಿಕ್ಕೋಳಿದ್ದಾಗ ಅದಕ್ಕೆ ಚಾ ಕೊಟ್ಟಿದ್ಲು, ಕೇಳು ಬೇಕಾದ್ರೆ. ಇನ್ನೂ ಕಾಯ್ತಾ ಇದೆ ಪಾಪ. ಯಾರಾದ್ರೂ ಎತ್ಕೊಂಡು ಬಂದ್ರೆ ಮೇಲೆ ಬರಲ್ಲ ಅದು, ನಡ್ಕೊಂಡೇ ಹೋಗಬೇಕು ಅದರ ಹತ್ರ… ನಿಂಗೆ ಕಾಲಿದ್ಯಾ? ಎಷ್ಟಿದೆ?… ಎರಡಾ? ನನಗಿಂತ ಒಂದು ಜಾಸ್ತಿ.

…

ನಗ್ತಾನಲ್ಲ… ಇವನೂ ಮೂಗಲ್ಲಿ.

…

ಹಾಂ, ಬುರುಲ್. ಕೇಳಿಸ್ತು… ನಿಂತ್ಕೊಳೋಕೆ ನೋಡ್ತಿದಾನಾ? ಮಂಚ ಹಿಡ್ಕೊಂಡಾ? ಗದರಬೇಡ, ಹಿಡೀಬೇಡ, ಬೀಳ್ಲಿ ಬಿಡು… ಕೂತ್ಬಿಟ್ನಾ? ಇರ್ಲಿ.

…

ಬರ್ತೀನಿ. ಗುರುವಾರ… ಹೂಂ ಅಂದ್ನಲ್ಲ, ಎಷ್ಟು ಸಲ ಹೇಳಿಸ್ತೀಯ? ಹಿಂದಿನ ಗೇಟಿಂದಾನೇ. ದನದ ಕೊಟ್ಟಿಗೇನೇ ಆಗ್ಲಿ. ನೀನು ಮಾಡಿದ್ದಕ್ಕೆ ಈ ಕೂಸೇನು ಮಾಡತ್ತೆ. ಹಿಟ್ಟು ಬೇಡ. ಚಾಕು ನಾನೇ ತರ್ತೀನಿ, ನಂದೇ ಚಾಕು, ಆಮೇಲೆ ಯಾರೂ ಉಜ್ಜೋದು ಬೇಡ. ಹುರಿ ಮಾತ್ರ ನೀನೇ ನೂಲಬೇಕು, ನಿನ್ನ ಕೈಯಾರೆ, ಕರಿದೊಂದೆಳೆ ಬಿಳಿದೊಂದೆಳೆ. ಅಂಗಡೀದು ತಂದ್ರೆ ವಾಪಸ್ ಬಂದ್ಬಿಡ್ತೀನಿ ನೋಡು. ನೂಲ್ತೀಯಾ?

…

ಹಲೋ? ನೂಲ್ತೀಯಾ ಅಂದೆ… ಯಾರು ಬಂದ್ರು? ಸೊಸೆನಾ?

…

ಬುರುಲ್, ಫೋನ್ ಮೇಲೆ ಕೈ ಮುಚ್ಕೊಂಡ್ರೂ ಕೇಳಿಸತ್ತೆ ಕಣೇ ನಂಗೆ. ಏನಂದೆ ಅವಳಿಗೆ?

…

ಯಾವುದೋ ಲ್ಯುಲಿ ಹೆಂಗಸಾ? ಹಿಟ್ಟು ಕೇಳೋಕೆ ಫೋನ್ ಮಾಡಿದಾಳಾ?

…

ಹಲೋ. ಬುರುಲ್, ಫೋನ್ ಅವಳ ಕೈಗೆ ಕೊಡು. ಕೊಡೇ, ನಾನೇ ಹೇಳ್ತೀನಿ, ಫೋನ್ ಮಾಡಿದ್ದು ನೀನು ಅಂತ. ಇಲ್ಲಾ ನೀನೇ ಹೇಳು, ಒಂದೇ ಒಂದು ಸಲ, ಇವಳು ಮವ್ಜುದಾ, ನಾವಿಬ್ರೂ ಚಿಕ್ಕೋರಿದ್ದಾಗ…