ಗರಡಿ ಬೀದಿಯ ಬ್ಯಾರಿಕೇಡ್ ಪಕ್ಕ ಒಡೆದ ಬೂದುಗುಂಬಳದ ಬಗ್ಗೆ

ನಾನು ಅಕ್ಷಿತಾ ಕೋಂ ಕುಮಾರ್, ವಯಸ್ಸು 27 ವರ್ಷ, ಓದು ಬಿ.ಎಸ್ಸಿ., ಮದುವೆಗೆ ಮುಂಚೆ ಖಾಸಗಿ ಶಾಲೆಯಲ್ಲಿ ಶಿಕ್ಷಕಿ, ಈಗ ಮನೆಕೆಲಸ, ವಾಸ ಗರಡಿ ಬೀದಿ, ನಾಗಮಂಗಲ ಟೌನ್. ಈ ದಿನ ದಿನಾಂಕ 21-01-2026ರ ಬುಧವಾರ ಬೆಳಗ್ಗೆ ಹತ್ತೂವರೆಗೆ, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು, ಮಹಿಳಾ ಪೇದೆ ರಂಜಿತ ಅವರ ಎದುರಿನಲ್ಲಿ ಬರೆಸಿ ತಿಳಿಸುವುದೇನೆಂದರೆ:

ನನ್ನ ಗಂಡ ಕುಮಾರ್ ಬಿಡದಿ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಾರೆ. ಮನೆಯಲ್ಲಿ ನಾನು, ನನ್ನ ಅತ್ತೆ ಚಲುವಮ್ಮ, ಹದಿನಾಲ್ಕು ತಿಂಗಳ ಮಗಳು ಚಿನ್ನು ಇಷ್ಟೇ ಜನ ಇರುತ್ತೇವೆ. ನಮ್ಮ ಬೀದಿ ಅಗಲವಿಲ್ಲ. ಎರಡು ಕಾರು ಎದುರುಬದುರಾದರೆ ನಡೆಯುವವರು ಯಾರದಾದರೂ ಜಗಲಿ ಹತ್ತಿ ನಿಲ್ಲಬೇಕು. ಕಳೆದ ಡಿಸೆಂಬರ್ 12ರ ಸಂಜೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಸೊಪ್ಪು ತರಲು ಹೋಗಿದ್ದಾಗ ಒಂದು ಬಿಳಿ ಕಾರಿನ ಕನ್ನಡಿ ನನ್ನ ಮೊಣಕೈಗೆ ತಗುಲಿತು. ಮಗುವಿನ ಪಾದ ಆ ಕನ್ನಡಿಗಿಂತ ನಾಲ್ಕು ಬೆರಳು ಕೆಳಗಿತ್ತು. ಕಾರು ನಿಲ್ಲಲಿಲ್ಲ. ನಂಬರ್ ನೋಡಲು ನನಗೆ ತೋಚಲಿಲ್ಲ.

ಅಂದಿನಿಂದ ಮಗು ರಾತ್ರಿ ಬೆಚ್ಚಿ ಎದ್ದು ಅಳುತ್ತಿತ್ತು. ಡಾಕ್ಟರಿಗೆ ತೋರಿಸಿದಾಗ ಹಲ್ಲು ಬರುತ್ತಿದೆ, ಗಾಬರಿ ಬೇಡ ಎಂದರು. ನನಗೆ ನಿದ್ದೆ ಇರಲಿಲ್ಲ. ಮಗು ಮಲಗಿದರೂ ಈಗ ಏಳುತ್ತದೆ, ಈಗ ಏಳುತ್ತದೆ ಎಂದು ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದೆ. ಇದನ್ನು ನೆಪವಾಗಿ ಬರೆಸುತ್ತಿಲ್ಲ. ನಿಮ್ಮ ಆರೋಗ್ಯ ಹೇಗಿತ್ತು ಎಂದು ಇದನ್ನು ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಅವರು ಕೇಳಿದ್ದರಿಂದ ಹೇಳಿದ್ದೇನೆ.

ನಮ್ಮ ಬೀದಿಯ ನಿವೃತ್ತ ಡ್ರಿಲ್ ಮೇಷ್ಟ್ರು ರಂಗಸ್ವಾಮಿಯವರು ಮುಂದೆ ನಿಂತು, ನಾವೆಲ್ಲ ಸಹಿ ಮಾಡಿ ಕೊಟ್ಟ ಅರ್ಜಿಯ ಮೇಲೆ, ಪುರಸಭೆಯವರು ಜನವರಿ 5ರಿಂದ ಒಂದು ತಿಂಗಳು ಪ್ರಯೋಗಕ್ಕೆಂದು ಗರಡಿ ಬೀದಿಗೆ ಕಾರು ಬರುವುದನ್ನು ನಿಲ್ಲಿಸಿದರು. ಮೂರು ದಾರಿ ಕೂಡುವ ಬೀದಿಯ ಬಾಯಲ್ಲಿ ಕಬ್ಬಿಣದ ಬ್ಯಾರಿಕೇಡ್ ಇಟ್ಟು ಸರಪಳಿ ಹಾಕಿದರು. ಚರಂಡಿಯ ಕಡೆಗೆ ಬೈಕು, ಸ್ಕೂಟರ್ ಹೋಗಲು ಸುಮಾರು ಮೂರು ಅಡಿ ಸಂದು ಬಿಟ್ಟಿದ್ದರು. ಇದಕ್ಕೆ ಅಂಗಡಿಯವರೂ ಬಾಡಿಗೆ ಕಾರಿನವರೂ ವಿರೋಧವಾಗಿದ್ದರು. ಅವರ ಪೈಕಿ ಕೆಂಪಣ್ಣ ಎಂಬುವರು ಸುಮಾರು ಇಪ್ಪತ್ತು ವರ್ಷದಿಂದ ಬೀದಿಯ ಬಾಯಲ್ಲೇ ಕಾರು ನಿಲ್ಲಿಸಿಕೊಂಡು ಬಾಡಿಗೆ ಹೊಡೆಯುತ್ತಿದ್ದವರು. ಬ್ಯಾರಿಕೇಡ್ ಬಂದ ಮೇಲೆ ಅವರು ಬಸ್ ಸ್ಟ್ಯಾಂಡಿನ ಹಿಂದೆ ಬಿಸಿಲಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು.

ದಿನಾಂಕ 17ರ ಶನಿವಾರ ಸಂಜೆ ನಾಲ್ಕು ಗಂಟೆಗೆ ಪುರಸಭೆಯವರು ಎರಡೂ ಕಡೆಯವರನ್ನು ಕರೆದು ಸಭೆ ಮಾಡಿದರು. ಬೇಕರಿ ಲೋಕೇಶ್ ಮೊದಲು ಎದ್ದು, ಕಾರಲ್ಲಿ ಬರುತ್ತಿದ್ದ ಗಿರಾಕಿ ಈಗ ಬೈಪಾಸಲ್ಲೇ ಟೀ ಕುಡಿದು ಹೋಗುತ್ತಿದ್ದಾರೆ ಎಂದೂ, "ನೀವು ನಡುಬೀದೀಲಿ ಚೌಕಾಬಾರ ಆಡ್ಕಂಡ್ ಕುಂತ್ಕಳಿ, ನಮ್ ಬನ್ನು ನಾವೇ ತಿನ್ಕತೀವಿ" ಎಂದೂ ಹೇಳಿದರು. ಅದಕ್ಕೆ ಮೇಷ್ಟ್ರು, "ಲೇ ಲೋಕೇಶ, ಸ್ಕೂಲಲ್ಲೂ ನೀನು ಓಟಕ್ಕೆ ಬತ್ತಿರ್ನಿಲ್ಲ, ಮರದ ಕೆಳ್ಗೆ ಕುಂತು ಬೆಲ್ಲು ಕಾಯ್ತಿದ್ದೆ. ನಾಕು ಎಜ್ಜೆ ನಡುದ್ರೆ ನಿನ್ ಗಿರಾಕಿ ಸಾಯಕಿಲ್ಲ ಕಣ್ಲಾ" ಎಂದರು. ಸಭೆ ನಕ್ಕಿತು. ಲೋಕೇಶ್ ಸಿಟ್ಟಾಗಿ ಹೆಂಗಸರ ಕಡೆ ತಿರುಗಿ, ಕಾರು ಬ್ಯಾಡ ಅನ್ನೋರು ಹೆರಿಗೆ ನೋವು ಬಂದರೆ ಎತ್ತಿನ ಗಾಡಿ ಕಟ್ಟಿಸಿಕೊಂಡು ಹೋಗುತ್ತಾರಾ ಎಂದು ಕೇಳಿದರು.

ಇಲ್ಲಿ ಒಂದು ವಿಷಯ ತಿಳಿಸಬೇಕು. ನನಗೆ ನೋವು ಬಂದ ದಿನ ನನ್ನ ಗಂಡ ಊರಲ್ಲಿರಲಿಲ್ಲ. ಬಾಗಿಲಿಗೆ ಕಾರು ತಂದು, ಸೀಟಿನ ಮೇಲೆ ತಮ್ಮ ಕಂಬಳಿ ಹಾಸಿ, ನನ್ನನ್ನೂ ಅತ್ತೆಯವರನ್ನೂ ಮಂಡ್ಯದ ಆಸ್ಪತ್ರೆಗೆ ಮುಟ್ಟಿಸಿದವರು ಕೆಂಪಣ್ಣನವರು. ಸಭೆಯಲ್ಲಿ ಅವರು ನನ್ನಿಂದ ಎರಡು ಸಾಲು ಹಿಂದೆ ಕುಳಿತಿದ್ದರು. ಅವರು ಅದನ್ನು ಹೇಳಿದ್ದರೆ ನನ್ನ ಬಾಯಿ ಅಲ್ಲೇ ಮುಚ್ಚುತ್ತಿತ್ತು. ಅವರು ಹೇಳಲಿಲ್ಲ. "ಬುಡ್ಲಾ ಲೋಕೇಶ, ಎಣ್ಮಕ್ಳ ಇಸ್ಯ ಯಾಕೀಗ" ಎಂದಷ್ಟೇ ಹೇಳಿ ಲೋಕೇಶ್‌ರನ್ನು ಕೂರಿಸಿದರು.

ಆ ಮೇಲೆ ನಾನು ಎದ್ದು ಮಾತಾಡಿದೆ. ಕಾರಿನವರು ಪ್ರತಿ ಅಮಾವಾಸ್ಯೆಗೆ ಗಾಡಿಗೆ ದೃಷ್ಟಿ ತೆಗೆದು ಮೂರು ದಾರಿ ಕೂಡುವಲ್ಲಿ ಬೂದುಗುಂಬಳಕಾಯಿ ಒಡೆದು ಹಾಗೇ ಬಿಟ್ಟು ಹೋಗುತ್ತಾರೆ, ಓದು ಬರಹ ಇರುವ ಊರಲ್ಲಿ ಇದೆಂಥ ಮೌಢ್ಯ, ಯಾರಾದರೂ ಜಾರಿ ಬಿದ್ದರೆ ಕೆಂಪಣ್ಣನವರು ಬಂದು ಎತ್ತುತ್ತಾರಾ ಎಂದು ಹೆಸರು ಹಿಡಿದೇ ಕೇಳಿದೆ. ಕಾರೇ ಇವರಿಗೆ ದೇವರು, ಕುಂಬಳಕಾಯಿಯೇ ಇನ್ಶೂರೆನ್ಸು ಎಂದೂ ಹೇಳಿದೆ. ಈ ಮಾತನ್ನು ಹಿಂದಿನ ದಿನವೇ ಯೋಚಿಸಿ ಇಟ್ಟುಕೊಂಡಿದ್ದೆ. ಜನ ಚಪ್ಪಾಳೆ ತಟ್ಟಿದರು. ಕೆಂಪಣ್ಣನವರು ಎದ್ದು ನಿಂತು, "ಆಯ್ತು ಕಣವ್ವ, ನೀನೇಳದೂ ಸರೀನೆ. ನಾಳೆ ಅಮಾಸೆ, ನಮ್ಮಟ್ಟಿ ಅಂಗಳದಲ್ಲೇ ಒಡ್ಕತೀನಿ ಬುಡು" ಎಂದರು. ಅದಕ್ಕೂ ನಕ್ಕರು. ನಾನೂ ನಕ್ಕೆ.

ಮರುದಿನ ಭಾನುವಾರ ಅಮಾವಾಸ್ಯೆ. ಹಿಂದಿನ ರಾತ್ರಿಯೂ ಮಗು ಮಲಗಿರಲಿಲ್ಲ. ಬೆಳಗ್ಗೆ ಸಂತೆಯಿಂದ ಬರುವಾಗ ಅತ್ತೆಯವರು ಒಂದು ಸಣ್ಣ ಬೂದುಗುಂಬಳ ತಂದಿದ್ದರು. ದೃಷ್ಟಿಯಾಗಿದೆ, ಭಾನುವಾರ ಅಮಾವಾಸ್ಯೆ ಎರಡೂ ಕೂಡಿ ಬರುವುದು ಅಪರೂಪ ಎಂದು ಹೇಳಿದರು. ನಾನು ಬೇಡ ಎನ್ನಲಿಲ್ಲ. ನಿಜ ಹೇಳಬೇಕೆಂದರೆ, ಅವರು ತಾರದೇ ಇದ್ದಿದ್ದರೆ ನಾನೇ ಕೇಳುತ್ತಿದ್ದೆ. ಸಂಜೆ ದೀಪ ಹಚ್ಚಿದ ಮೇಲೆ ಕಾಯಿಯ ತಲೆ ಕೊಯ್ದು ಒಳಗೆ ಕುಂಕುಮ, ಸುಣ್ಣ ತುಂಬಿ, ಮಗುವನ್ನು ಹೊಸ್ತಿಲ ಮುಂದೆ ಕೂರಿಸಿ ಅತ್ತೆಯವರು ನಿವಾಳಿಸಿದರು. ಮಗು ಕರ್ಪೂರದ ಕಡೆ ಕೈ ಚಾಚಿ ನಗುತ್ತಿತ್ತು.

ಅತ್ತೆಯವರಿಗೆ ಮಂಡಿನೋವು. ಆದ್ದರಿಂದ ಕಾಯಿ ತೆಗೆದುಕೊಂಡು ಹೊರಟವಳು ನಾನು. ಮೂರು ದಾರಿ ಕೂಡುವಲ್ಲಿ ಒಡೆಯಬೇಕು, ಒಡೆದ ಮೇಲೆ ತಿರುಗಿ ನೋಡಬಾರದು, ದಾರಿಯಲ್ಲಿ ಯಾರನ್ನೂ ಮಾತಾಡಿಸಬಾರದು ಎಂದು ಹೇಳಿಕೊಟ್ಟರು. ಆಮೇಲೆ, "ಗಾಲಿ ಅತ್ತುದ್ರೇನೇ ದಿಷ್ಟಿ ಓಗದು ಕಣವ್ವ. ಕಾರ್‌ನೆಲ್ಲ ನಿಲ್ಸಿ ಕುಂತಿದ್ದೀರಲ್ಲ ನೀವು, ಇನ್ಯಾವ ಗಾಲಿ ಅತ್ತದು?" ಎಂದು ಕೇಳಿದರು. ತಮಾಷೆಗೆ ಕೇಳಿದರೋ ನಿಜಕ್ಕೂ ಕೇಳಿದರೋ ತಿಳಿಯದು. ಬೈಕ್ ಹೋಗುವ ಸಂದು ಇದೆ, ಅಲ್ಲಿ ಹಾಕುತ್ತೇನೆ ಎಂದು ನಾನೇ ಹೇಳಿದೆ. ಒಡೆದ ಕಾಯಿ ತುಳಿದವರಿಗೆ ಆ ದೃಷ್ಟಿ ಹತ್ತಿಕೊಳ್ಳುತ್ತದೆ ಎಂಬ ಮಾತು ನಮ್ಮ ಕಡೆ ಇದೆ. ನಾನು ಅದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅದು ಆಗ ನೆನಪಿಗೆ ಬಂತು. ಬಂದರೂ ಹೋದೆ.

ಸಂಜೆ ಸುಮಾರು ಏಳು ಗಂಟೆಗೆ ಸದರಿ ಜಾಗ ತಲುಪಿದೆ. ಭಾನುವಾರವಾದ್ದರಿಂದ ಅಂಗಡಿಗಳು ಮುಚ್ಚಿದ್ದವು. ಯಾರೂ ಇಲ್ಲ ಎಂದು ನೋಡಿಕೊಂಡು, ಸೆರಗಿನ ಮರೆಯಿಂದ ಕಾಯಿ ತೆಗೆದು ಸಂದಿನ ಸರಿಯಾದ ನಡುವಿಗೆ ಎತ್ತಿಹಾಕಿದೆ. ಒಡೆದ ಸದ್ದು ಕೇಳಿತು. ತಿರುಗಿ ನೋಡಬಾರದೆಂದು ನೋಡಲಿಲ್ಲ. ಹೋಳುಗಳು ಎಲ್ಲಿ ಬಿದ್ದವು, ಎಷ್ಟು ನೀರಾಯಿತು ನನಗೆ ಗೊತ್ತಿಲ್ಲ. ಮನೆಗೆ ಬಂದು ಕಾಲು ತೊಳೆದು ಒಳಗೆ ಹೋದೆ.

ಆ ರಾತ್ರಿ ಮಗು ಒಮ್ಮೆಯೂ ಏಳಲಿಲ್ಲ. ನಾನೂ ಮಲಗಿದೆ.

ಸೋಮವಾರ ಬೆಳಗ್ಗೆ ಏಳು ಗಂಟೆಗೆ ಪಕ್ಕದ ಮನೆಯ ಕುಳ್ಳಮ್ಮ ಬಾಗಿಲು ತಟ್ಟಿದ ಮೇಲೆಯೇ ನನಗೆ ಎಚ್ಚರವಾಯಿತು. "ಇನ್ನೂ ಮಲ್ಗಿದ್ದೀಯಲ್ಲವ್ವ, ಬೀದಿ ಬೀದಿನೇ ಎದ್ದು ನಿಂತದೆ. ಯಾರೋ ಮುಂಡೇವು ಮಾಟ ಮಾಡ್ಸಿ ಸಂದೀಲಿ ಇಕ್ಕವ್ರೆ, ಮೇಷ್ಟ್ರು ಅದ್ರ ಮ್ಯಾಲೆ ಜಾರಿ ತೋಳ್ ಮುರ್ಕಂಡ್ರು" ಎಂದು ಹೇಳಿದರು. ಮೇಷ್ಟ್ರು ದಿನವೂ ನಸುಕಿಗೆ ಮೊಪೆಡ್‌ನಲ್ಲಿ ಡೈರಿಗೆ ಹಾಲಿಗೆ ಹೋಗುತ್ತಾರೆ. ಅಂದು ಮಂಜು ಇತ್ತು. ನಾನು ಹೋಗಿ ನೋಡಿದಾಗ ಮೇಷ್ಟ್ರನ್ನು ಆಸ್ಪತ್ರೆಗೆ ಕಳಿಸಿಯಾಗಿತ್ತು. ಹಾಲಿನ ಕ್ಯಾನು ಚರಂಡಿಯಲ್ಲಿ ಬಿದ್ದಿತ್ತು. ಕುಂಕುಮದ ನೀರಿನ ಮೇಲೆ ಗಾಲಿಯ ಗುರುತು ಉದ್ದಕ್ಕೆ ಎಳೆದಿತ್ತು.

ಅಲ್ಲಿ ಸುಮಾರು ಮೂವತ್ತು ಜನ ಸೇರಿದ್ದರು. ಇದು ಕೆಂಪಣ್ಣನದೇ ಕೆಲಸ, ಬೀದಿ ಮುಚ್ಚಿಸಿದ ಸಿಟ್ಟಿಗೆ ಮೇಷ್ಟ್ರ ದಾರಿ ನೋಡಿಕೊಂಡೇ ಇಟ್ಟಿದ್ದಾನೆ ಎಂದು ಮಾತಾಡುತ್ತಿದ್ದರು. ಒಬ್ಬರು, "ನಮ್ ಅಕ್ಷಿತಮ್ಮ ಮೊನ್ನೆನೇ ಏಳಿತ್ತಲ್ಲ, ಯಾರಾದ್ರೂ ಜಾರಿ ಬಿದ್ರೆ ಅಂತ. ಏಳಿತ್ತೋ ಇಲ್ವೋ?" ಎಂದು ನನ್ನ ಕಡೆ ತಿರುಗಿದರು. ಎಲ್ಲರೂ ನೋಡಿದರು. ನಾನು ಹೌದು ಎಂದು ತಲೆಯಾಡಿಸಿದೆ. ಕುಂಬಳಕಾಯಿ ಒಡೆದಾಗ ಯಾರೂ ನನ್ನನ್ನು ಕೇಳಿರಲಿಲ್ಲ. ತಲೆಯಾಡಿಸಿದಾಗ ಕೇಳಿದ್ದರು, ಮತ್ತು ಎಲ್ಲ ಗೊತ್ತಿದ್ದೇ ತಲೆಯಾಡಿಸಿದೆ. ಕಾಯಿಗಿಂತ ಇದು ದೊಡ್ಡ ತಪ್ಪು ಎಂದು ನನಗೆ ಅನ್ನಿಸುತ್ತದೆ.

ಬೀದಿಯವರು ಕೊಟ್ಟ ದೂರಿನಲ್ಲಿ ನನ್ನ ಹೆಸರನ್ನು ಸಾಕ್ಷಿಯಾಗಿ ಬರೆದಿದ್ದಾರೆ. ಮಂಗಳವಾರ ಬೆಳಗ್ಗೆ ಕೆಂಪಣ್ಣನವರನ್ನು ವಿಚಾರಣೆಗೆ ಕರೆಸಿ, ಕಾರನ್ನೂ ಠಾಣೆಯ ಅಂಗಳಕ್ಕೆ ತರಿಸಿದರು. ತಾನು ಮನೆಯ ಅಂಗಳದಲ್ಲೇ ಒಡೆದಿದ್ದೇನೆ, ಬೇಕಾದರೆ ಬಂದು ಸಿಪ್ಪೆ ನೋಡಿ ಎಂದು ಅವರು ಹೇಳಿದರಂತೆ. ಒಂದು ಅಲ್ಲಿ, ಒಂದು ಇಲ್ಲಿ ಒಡೆದಿದ್ದಾನೆ ಎಂದು ಲೆಕ್ಕ ಹೇಳಿ ಜನ ನಕ್ಕರಂತೆ. ಇದನ್ನೂ ಕುಳ್ಳಮ್ಮ ಹೇಳಿದರು.

ಮಂಗಳವಾರ ಸಂಜೆ ನಾನು ಮಗುವನ್ನೆತ್ತಿಕೊಂಡು ಮೇಷ್ಟ್ರನ್ನು ನೋಡಲು ಅವರ ಮನೆಗೆ ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಬಲತೋಳಿಗೆ ಕಟ್ಟು ಹಾಕಿದ್ದರು. ಅವರು ಎಡಗೈ ಚಾಚಿದ್ದಕ್ಕೆ ಮಗು ಹೋಯಿತು. "ಶುಕ್ರವಾರ ಪುರಸಭೆ ಮೀಟಿಂಗಲ್ಲಿ ತೀರ್ಮಾನ ಆಯ್ತದೆ. ಇದೊಂದು ಕೇಸು ನಿಂತ್ರೆ ಸಾಕು, ಅವರ ಬಾಯಿ ಕಟ್ತದೆ, ಬೀದಿ ಉಳೀತದೆ. ನೀನು ಧೈರ್ಯವಾಗಿ ಏಳವ್ವ. ನನ್ ತೋಳು ಓದ್ರೆ ಓಯ್ತು, ಈ ಕೂಸು ಬೀದೀಲಿ ಓಡಾಡಬೇಕು" ಎಂದರು. ನಾನು ಹೇಳದೆ ಬಂದೆ. ಬೀದಿಗೆ ಮತ್ತೆ ಕಾರು ಬಿಟ್ಟರೆ ನನ್ನ ಮಗುವಿನ ಗತಿ ಏನು ಎಂಬ ಭಯ ನನಗೆ ಈಗಲೂ ಇದೆ. ನನ್ನ ತಪ್ಪಿಗೂ ಬೀದಿಯ ಪ್ರಶ್ನೆಗೂ ಸಂಬಂಧವಿಲ್ಲ ಎಂದು ಬರೆದುಕೊಳ್ಳಿ ಎಂದು ಈ ದಿನ ಹೆಡ್ ಕಾನ್‌ಸ್ಟೇಬಲ್ ಅವರನ್ನು ಕೇಳಿದೆ. ಅದು ಹೇಳಿಕೆಯಲ್ಲಿ ಬರುವ ವಿಷಯವಲ್ಲ ಎಂದರು. ಆದರೂ ನಾನು ಹೇಳಿದ್ದೇನೆ ಎಂದಾದರೂ ಇರಲಿ.

ಭಾನುವಾರದಿಂದ ಮಗು ದಿನವೂ ಬೆಳಗಿನವರೆಗೆ ಮಲಗುತ್ತಿದೆ. ನಾನು ಭಾನುವಾರ ಮಲಗಿದ್ದೇ ಕೊನೆ.

ಈ ದಿನ ಠಾಣೆಗೆ ಬಂದಾಗ ಕೆಂಪಣ್ಣನವರು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಎದ್ದು ಜಾಗ ಬಿಟ್ಟರು. "ಸಾಕ್ಷಿ ಏಳಕೆ ಬಂದ್ಯಾ ಅವ್ವ? ಏಳು, ನಂಗೇನ್ ಬ್ಯಾಸರಿಲ್ಲ, ನಿಂಗನ್ಸಿದ್ದು ನೀನ್ ಏಳ್ತೀಯ. ಕೂಸ್ನ ಯಾಕೆ ಒಳಿಕೆ ಕರ್ಕಂಡೋಯ್ತೀಯ, ಅಂಜ್ಕತದೆ. ಇತ್ತಗ್ ಕೊಡು" ಎಂದರು. ನಾನು ಕೊಟ್ಟು ಒಳಗೆ ಬಂದೆ. ಈಗ ಕಿಟಕಿಯಿಂದ ಕಾಣುತ್ತಿದೆ, ಮಗು ಅವರ ಹೆಗಲ ಮೇಲೆ ನಿದ್ದೆ ಹೋಗಿದೆ.

ಬೂದುಗುಂಬಳವನ್ನು ಸಂದಿಗೆ ಒಯ್ದು ಒಡೆದವಳು ನಾನೊಬ್ಬಳೇ. ಕೆಂಪಣ್ಣನವರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅತ್ತೆಯವರು ಕಾಯಿ ತಂದು ನಿವಾಳಿಸಿ, ಕ್ರಮ ಹೇಳಿಕೊಟ್ಟಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ. ಕಾನೂನಿನಂತೆ ನನ್ನ ಮೇಲೆ ಏನು ಕ್ರಮವೋ ಅದಕ್ಕೆ ಒಪ್ಪಿದ್ದೇನೆ. ದೂರಿನಲ್ಲಿ ಸಾಕ್ಷಿಯಾಗಿ ಇರುವ ನನ್ನ ಹೆಸರನ್ನು ಅಲ್ಲಿಂದ ತೆಗೆಯಬೇಕು.

ಬರೆದುಕೊಂಡದ್ದನ್ನು ಹೆಡ್ ಕಾನ್‌ಸ್ಟೇಬಲ್ ಅವರು ನನಗೆ ಓದಿ ಹೇಳಿದರು. ಅದರಲ್ಲಿ, ರಸ್ತೆಯ ಪಕ್ಕಕ್ಕೆ ಹಾಕಿದ್ದು ಹೇಗೋ ಸಂದಿಗೆ ಉರುಳಿತು ಎಂದಿತ್ತು. "ಇಂಗಿರ್ಲಿ ಬುಡಿ ಮೇಡಂ, ನಿಮಗೂ ಒಳ್ಳೇದು, ಮಗು ಬೇರೆ ಅದೆ" ಎಂದರು. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಾನು ಒಪ್ಪದೆ, ಗಾಲಿ ಹತ್ತಲಿ ಎಂದೇ ಸಂದಿನ ನಡುವೆ ಹಾಕಿದೆ ಎಂದು ಇರುವುದನ್ನು ಇದ್ದಂತೆ ಮತ್ತೆ ಬರೆಸಿದ್ದೇನೆ. ಈಗ ಇಲ್ಲಿರುವುದು ನಾನು ಮಾಡಿದ್ದು, ನಾನು ಕಂಡದ್ದು. ಕೇಳಿದ್ದನ್ನು ಕೇಳಿದ್ದು ಎಂದೇ ಬರೆಸಿದ್ದೇನೆ. ಇದರಲ್ಲಿ ಸುಳ್ಳಿಲ್ಲ.

ಸಹಿ ಮಾಡಿದ ಮೇಲೆ ಈ ಹೇಳಿಕೆಯನ್ನು ನನ್ನ ಎದುರಿನಲ್ಲೇ ಕೆಂಪಣ್ಣನವರಿಗೂ ಪೂರ್ತಿ ಓದಿ ಹೇಳಬೇಕೆಂದು ಕೋರುತ್ತೇನೆ. ಮಗುವನ್ನು ಅವರ ಕೈಯಿಂದ ಆಮೇಲೆ ತೆಗೆದುಕೊಳ್ಳುತ್ತೇನೆ.

ಸ್ಥಳ: ನಾಗಮಂಗಲ
ದಿನಾಂಕ: 21-01-2026

(ಸಹಿ)
ಅಕ್ಷಿತಾ