ಗಾಳಿಯಿಲ್ಲದ ತಿಂಗಳು

...ಗಾಳಿ ಇಲ್ಲ, ಗಾಳಿ ಇಲ್ಲ, ಗಾಳಿ ಇಲ್ಲ! ಬೆಳಗಿಂದ ಅದೊಂದೇ ರಾಗ ನಿಂದು! ನಾವು ಹೋಗೋದು ದ್ವೀಪಕ್ಕೆ ಕಣೇ. ಸುತ್ತ ನಾಲ್ಕೂ ಕಡೆ ಸಮುದ್ರ. ಅಲ್ಲಿ ಇಲ್ದಿರೋ ಗಾಳಿ ಇನ್ನೇನು ನಮ್ಮ ಅಂಗಡಿ ಟೇಬಲ್ ಫ್ಯಾನಿನ ಮುಂದೆ ಇರುತ್ತಾ? ಬರುತ್ತೆ. ಒಂದು ದಿನ ಬರಲ್ಲ, ಎರಡು ದಿನ ಬರಲ್ಲ, ಆಮೇಲೆ ಬಂದೇ ಬರುತ್ತೆ... ಏನು? ಯಾಕೆ ನಗ್ತೀಯಾ? ನಗೋವಂಥದ್ದು ಏನು ಹೇಳಿದೆ ನಾನು?

ಹೌದು, ಗೊತ್ತು! ಅಲ್ಲಿ ಗಾಳಿ ಶುರುವಾಗೋದು ಇನ್ನೂ ನಾಲ್ಕು ತಿಂಗಳು ಬಿಟ್ಟು. ನಿನಗೆ ಹೇಳಿಕೊಟ್ಟಿದ್ದೇ ನಾನು, ಈಗ ನನಗೇ ಪಾಠನಾ? ಈಗ ಹೋದ್ರೆ ಸಮುದ್ರ ತಟ್ಟೆಯಲ್ಲಿ ಹುಯ್ದಿಟ್ಟ ನೀರಿನ ಥರ ಇರುತ್ತೆ. ನಿನ್ನ ನೀರಿನ ಮೇಲೆ ಎಳ್ಕೊಂಡು ಹೋಗೋ ಪಟ ಮೇಲೇಳಲ್ಲ. ನೀನು ಕಾಲಡಿಯ ಹಲಗೆ ಕಂಕುಳಲ್ಲಿ ಇಟ್ಕೊಂಡು ದಡದಲ್ಲಿ ಕೂತಿರ್ತೀಯ. ಎಲ್ಲಾ ಒಪ್ಪಿದೆ. ಆದ್ರೂ ಈ ತಿಂಗಳೇ ಹೋಗೋಣ. ಹೋಗಲೇಬೇಕು.

ಯಾಕೆ ಅಂದ್ರೆ... ಯಾಕೆ ಅಂದ್ರೆ ಏನು ಹೇಳ್ಲಿ... ಹಾಂ, ಜನ ಕಡಿಮೆ! ಗಾಳಿ ಕಾಲದಲ್ಲಿ ಅಲ್ಲಿ ಆಕಾಶದ ತುಂಬ ಪಟ, ಒಬ್ಬರ ದಾರ ಇನ್ನೊಬ್ಬರ ಕುತ್ತಿಗೆಗೆ. ಆ ಗಲಾಟೆಯಲ್ಲಿ ನನಗೆ ನೀನು ಎಲ್ಲಿದೀಯ ಅಂತಾನೇ... ಅಂದ್ರೆ, ಯಾರಿಗೂ ಯಾರು ಎಲ್ಲಿದ್ದಾರೆ ಅಂತ ಗೊತ್ತಾಗಲ್ಲ. ಈಗ ಹೋದ್ರೆ ಇಡೀ ದಡ ನಮ್ಮಿಬ್ಬರದೇ.

ಕಾಗೆ ಹಾರಿಸ್ತಿದೀನಾ? ನಾನು? ಸರಿ, ಅದು ಬೇಡ. ಇನ್ನೊಂದು ಕೇಳು. ಆಮೇಲೆ ಹೋಗೋಣ ಅಂದ್ರೆ ನಿನ್ನ ಈಜುಕೊಳದಲ್ಲಿ ಹೊಸ ಮಕ್ಕಳ ಬ್ಯಾಚು ಶುರುವಾಗುತ್ತೆ. ಆ ಮ್ಯಾನೇಜರು ರಜ ಕೊಡ್ತಾನಾ?... ಕೊಟ್ಟಾಯ್ತಾ? ಯಾವಾಗ ಕೇಳಿದೆ? ಓಹೋ. ನಿನ್ನ ಈಜುಕೊಳದ ಗೆಳತಿಯರ ಜೊತೆ ಎಲ್ಲಾ ಮಾತಾಗಿದೆ ಅನ್ನು. ನಾಲ್ಕು ತಿಂಗಳು ಬಿಟ್ಟು ಅವರ ಜೊತೆ ಹೊರಡೋದು. ನಾನು ಬಂದ್ರೆ ಬಂದೆ, ಇಲ್ದಿದ್ರೆ ಇಲ್ಲ.

ನೋಡು, ಅವರು ಒಳ್ಳೆಯವರೇ. ಆದ್ರೆ ನಿನ್ನ ಪಟ ಯಾರು ಬಿಡ್ತಾರೆ? ನೀನು ಸೊಂಟಕ್ಕೆ ಹಾರ್ನೆಸ್ಸು ಪಟ್ಟಿ ಬಿಗಿದುಕೊಂಡು ನೀರಿನ ಹತ್ತಿರ ನಿಂತಿರ್ತೀಯ. ಅಷ್ಟು ದೂರದಲ್ಲಿ ಮನುಷ್ಯನಿಗಿಂತ ದೊಡ್ಡ ಪಟಾನ ಗಾಳಿಗೆ ಓರೆಯಾಗಿ ಹಿಡ್ಕೊಂಡು ಒಬ್ಬ ನಿಲ್ಲಬೇಕು. ಯಾರು ಅದು ಇಷ್ಟು ವರ್ಷ? ನಾನು! ನನಗೆ ಈಜು ಬರಲ್ಲ, ಒಪ್ಪಿದೆ. ಊರ ಮಕ್ಕಳಿಗೆಲ್ಲ ಈಜು ಕಲಿಸಿದೋಳಿಗೆ ಕಟ್ಕೊಂಡ ಗಂಡನಿಗೆ ಕಲಿಸೋಕಾಗಲಿಲ್ಲ. ಮೊಣಕಾಲಿನ ಮೇಲೆ ನೀರು ಬಂದ್ರೆ ದೇವರ ನೆನಪಾಗುತ್ತೆ ನನಗೆ. ಆದ್ರೆ ಪಟ ಬಿಡೋದು, ಹಿಡಿಯೋದು... ಒಂದು ಸಲ ತಪ್ಪಿದೀನಾ ಹೇಳು? ಒಂದೇ ಒಂದು ಸಲ?

ಮೊನ್ನೆ ಪಟಕ್ಕೆ ಹಾಕಿದ ತೇಪೆನಾ? ಈಗ ಯಾಕೆ ಆ ತೇಪೆ ವಿಷಯ? ಎಲ್ಲಿ, ತೋರಿಸು... ಇಲ್ಲೇನಾ? ಹೊಲಿಗೆ ಅಂಚು ಬಿಟ್ಟು ಹೊರಗೆ ಹೋಗಿದೆಯಾ? ಹೋಗಿರಬಹುದು. ಮಿಷಿನ್ನು ಸರಿ ಇಲ್ಲ ಅಂತ ಬಡ್ಕೊಂಡೆ ತಾನೇ! ಮೋಟರು ಎಳೆಯುತ್ತೆ, ಬಟ್ಟೆ ಓಡಿಹೋಗುತ್ತೆ... ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ಹಾಗನ್ನು! ಅನ್ನು! ಕಾರಿನ ಸೀಟಿಗೆ, ಅಂಗಡಿ ಮುಂದಿನ ಬಿಸಿಲು ಪರದೆಗೆ, ಟೆಂಟಿಗೆ, ನಿನ್ನ ಪಟಕ್ಕೆ, ಅರ್ಧ ಆಯುಸ್ಸು ಹೊಲಿದ ಕೈ ಇದು. ಮಿಷಿನ್ ರಿಪೇರಿಯವನು ಬರಲಿ, ಆಮೇಲೆ ನೋಡು.

ಬಂದು ಹೋದನಾ? ನಿನ್ನೆ? ನಾನಿಲ್ಲದಾಗ?... ಮಿಷಿನ್ನು ಚೆನ್ನಾಗಿದೆ ಅಂದನಾ. ಅವನಿಗೇನು ಗೊತ್ತು, ಬಿಡು!

ಕೂಗಲಿಲ್ಲ. ನಾನೆಲ್ಲಿ ಕೂಗಿದೆ? ನೀನು ಯಾಕೆ ನನ್ನ ಹಾಗೆ ನೋಡ್ತೀಯಾ?... ನೋಡ್ತಿಲ್ವಾ? ಬ್ಯಾಗಿನೊಳಗೆ ಏನೋ ಹುಡುಕ್ತಿದೀಯಾ? ಸರಿ ಸರಿ, ಸುಮ್ನೆ ಅಂದೆ. ಮಾತಿಗೆ ಅಂದೆ.

ಏನಂದೆ? ಮತ್ತೆ ಹೇಳು. ನಾನು ಮುಖ ಕೊಟ್ಟು ಮಾತಾಡಲ್ವಾ? ಗೋಡೆ ಜೊತೆ ಸಂಸಾರ ಮಾಡ್ತಿದೀನಾ! ಯಾವಾಗಿಂದ? ನೀನು ಎದುರಿಗೆ ಕೂತ್ರೆ ಕಿಟಕಿ ಕಡೆ ನೋಡ್ತೀನಾ... ಯಾರು, ನಿಮ್ಮಕ್ಕ ಹೇಳಿದ್ಲಾ? ಯಾರೋ ಇದ್ದಾಳೆ ಅಂತನಾ? ನನಗಾ? ಅಯ್ಯಯ್ಯೋ! ಈ ಹೊಟ್ಟೆಗೆ, ಈ ತಲೆಗೆ, ಯಾವಾಗಲೂ ಅಂಟಿನ ವಾಸನೆ ಹೊಡೆಯೋ ಈ ಷರಟಿಗೆ ಯಾರು ಬರ್ತಾರೆ ಕಣೇ? ನಿಮ್ಮಕ್ಕನಿಗೆ ಹೇಳು, ಅಂಥ ಪುಣ್ಯಾತ್ಗಿತ್ತಿ ಯಾರಾದ್ರೂ ಇದ್ರೆ ವಿಳಾಸ ಕೊಡಲಿ ಅಂತ. ಪಟ ಹಿಡ್ಕೊಂಡು ಹಲಗೆ ಮೇಲೆ ನಿಂತು ನೀರಲ್ಲಿ ಜಾರೋದು ಅಂದ್ರೆ ‘ಈ ವಯಸ್ಸಲ್ಲಿ ಮಂಗಾಟ’ ಅಂದೋಳು ಅವಳು. ಅವಳ ಮಾತು ಕೇಳ್ತೀಯಾ ನೀನು?

ನಗು. ನಗ್ತಿಲ್ವಾ? ನಗಬಹುದಿತ್ತು. ಒಳ್ಳೆ ಮಾತೇ ಹೇಳಿದೆ.

ಆತುರಗಾರನಿಗೆ ಬುದ್ಧಿ ಮಟ್ಟ. ಹೌದು, ನಾನು ಆತುರಗಾರ. ಒಪ್ಪಿದೆ. ನಿನ್ನ ಕಾಲು ಹಿಡೀಲಾ? ಹಿಡಿದೆ ಅಂದ್ಕೋ. ಈ ತಿಂಗಳು ಕಣೇ. ಆ ಕಿತ್ತಳೆ ಬಣ್ಣದ ದೊಡ್ಡ ಪಟ ತಗೊಂಡು ಹೋಗೋಣ. ಹಳೇದಾದ್ರೇನು? ಗಾಳಿ ಸಣ್ಣದಿದ್ರೆ ದೊಡ್ಡ ಪಟಾನೇ ಬೇಕು. ಇಲ್ಲ, ಆ ಹೊಸ ಬೂದಿ ಬಣ್ಣದ್ದು ಬೇಡ. ಅದು ಆಕಾಶದಲ್ಲಿ ಕಾಣೋದೇ ಇಲ್ಲ... ಯಾರಿಗೂ ಕಾಣಲ್ಲ ಅಂದೆ. ಎಲ್ಲರ ವಿಷಯ ಹೇಳ್ದೆ.

ನೀನು ಅವರ ಜೊತೆ ಹೋಗು, ಅದಕ್ಕೂ ಬೇಡ ಅನ್ನಲ್ಲ. ಗಾಳಿ ಬಂದಾಗ ತೂರಿಕೋ ಅಂತಾರೆ, ಹೋಗಿ ತೂರಿಕೋ. ಆದ್ರೆ ಅದಕ್ಕೆ ಮುಂಚೆ ಒಂದು ಸಲ ನನ್ನ ಜೊತೆ ಬಾ. ಒಂದೇ ಸಲ. ನೀನು ನೀರಿನ ಮೇಲಿಂದ ಎದ್ದು, ಮನೆಯೆತ್ತರ ಹಾರಿ, ಮತ್ತೆ ಬಂದು ನೀರು ಮುಟ್ತೀಯಲ್ಲ, ಅದನ್ನ ದಡದಲ್ಲಿ ನಿಂತು... ಏನೂ ಇಲ್ಲ. ದೂಳು. ಈ ಬಟ್ಟೆ ದೂಳು.

ಏನು? ಬರ್ತೀಯಾ? ನಿಜವಾಗ್ಲೂ? ಈ ತಿಂಗಳೇ? ಅಯ್ಯೋ ನನ್ನ ರಾಣಿ! ಮೊದಲೇ ಹೇಳಬಾರದಾ, ಗೋಳು ಹುಯ್ಕೊಂಡ್ಯಲ್ಲ... ಆದ್ರೆ? ಏನು ಆದ್ರೆ?

ಈಗಲಾ? ಇಲ್ಲೇ, ಅಂಗಡಿಯೊಳಗಾ? ಪಟ ಬಿಟ್ಟು ತೋರಿಸಬೇಕಾ? ತಮಾಷೆ ಮಾಡಬೇಡ. ನಿನ್ನ ಗಂಡನಿಗೇ ಪರೀಕ್ಷೆನಾ?... ಇಲ್ಲ, ಹೆದರಿಕೆ ಏನು ಹೆದರಿಕೆ. ಎದ್ದೆ ನೋಡು. ಟೇಬಲ್ಲು ಪಕ್ಕಕ್ಕೆ ಸರಿಸು. ಇನ್ನೂ. ಹಾಂ, ಈಗ ಹಿಂದಿನ ಗೋಡೆಯಿಂದ ಮುಂದಿನ ಶಟರಿನ ತನಕ ಜಾಗ ಆಯ್ತು. ಪಟದ ಅಂಚಿನ ಕೊಳವೆಗೆ ಅರ್ಧ ಗಾಳಿ ತುಂಬಿದ್ರೆ ಸಾಕು. ಪಂಪು ಕೊಡು... ತುಂಬಿ ಇಟ್ಟಿದೀಯಾ? ಓ. ಎಲ್ಲಾ ಮೊದಲೇ ಯೋಚನೆ ಮಾಡಿದೀಯ.

ದಾರ? ದಾರ ಬೇಡ್ವಾ? ಬರೀ ಪಟ ಹಿಡ್ಕೊಂಡು ನಿಲ್ಲಬೇಕಾ? ದಾರ ಇರಲಿ ಕಣೇ, ದಾರ ಬಿಗಿಯಾದ್ರೆ ಕೈಗೇ ಗೊತ್ತಾಗುತ್ತೆ... ಇಲ್ಲ, ಬೇಡ ಅಂದ್ರೆ ಬೇಡ. ನಿನ್ನಿಷ್ಟ. ಫ್ಯಾನು ಜೋರು ಮಾಡು, ಅದೇ ನಮ್ಮ ಗಾಳಿ. ನೀನು ಶಟರಿನ ಹತ್ತಿರ ಹೋಗಿ ನಿಂತ್ಕೋ. ಹೋಗ್ತಾ ಇದೀಯ ತಾನೇ? ಸರಿ.

ನಿಯಮ ನಾನೇ ಹೇಳ್ತೀನಿ ಕೇಳು, ಆಮೇಲೆ ಮರೆತೆ ಅನ್ನಬೇಡ. ದಡದಲ್ಲಿ ಗಾಳಿ ಸದ್ದಿಗೆ ಮಾತು ಕೇಳಲ್ಲ. ಬರೀ ಕೈಸನ್ನೆ. ನೀನು ಹೆಬ್ಬೆರಳು ಮೇಲೆತ್ತಿದ್ರೆ ನಾನು ಪಟ ಬಿಡ್ತೀನಿ. ಅಂಗೈ ಅಡ್ಡ ಹಿಡಿದ್ರೆ ಬಿಡೋ ಹಾಗಿಲ್ಲ, ಏನೋ ತೊಡಕಾಗಿದೆ ಅಂತ ಅರ್ಥ. ಆಗ ಬಿಟ್ರೆ ಪಟ ಸುತ್ತು ಹೊಡೆದು ನಿನ್ನ ಬಂಡೆ ಮೇಲೆ ಎಳ್ಕೊಂಡು ಹೋಗುತ್ತೆ, ಎಲುಬು ಒಂದೂ ಉಳಿಯಲ್ಲ. ಸರೀನಾ? ನೋಡಿದ್ಯಾ, ಏನೂ ಮರೆತಿಲ್ಲ ನಾನು.

ಹಿಡಿದೆ. ಈಗ ನಿನ್ನ ಸರದಿ.

ಕೊಡು ಸನ್ನೆ.

...ಕೊಡೇ. ಕೈ ನೋಯುತ್ತೆ, ಈ ಫ್ಯಾನಿನ ಗಾಳಿಗೇ ಎಳೆಯುತ್ತೆ ಇದು. ಆಯ್ತಾ? ಬಿಡ್ಲಾ?... ಹೌದೌದು, ಮಾತಾಡೋ ಹಾಗಿಲ್ಲ. ನಾನೇ ಹೇಳಿದ್ದು. ನೀನು ನಿಂತಿರೋದು ಕಾಣ್ತಾ ಇದೆ. ನೆಟ್ಟಗೆ ನಿಂತಿದೀಯ, ಹೊರಗಿನ ಬೆಳಕು ನಿನ್ನ ಹಿಂದಿದೆ, ಸೀರಿಯಸ್ಸಾಗಿ ನಿಂತಿದೀಯ, ಈಜುಕೊಳದ ಟೀಚರಮ್ಮ... ಹಾಂ! ಎತ್ತಿದೆ! ನೋಡಿದೆ, ನೋಡಿದೆ! ಬಿಟ್ಟೆ!

ಹೇಗೆ? ಒಳ್ಳೆ ಹೂವಿನ ಹಾಗೆ ಬಿಟ್ಟೆ ನೋಡು! ಹೋಗಿ ಟೇಬಲ್ಲಿಗೆ ಹೊಡೀತು, ಅದು ಫ್ಯಾನಿನ ತಪ್ಪು. ಪಾಸಾ ನಾನು?

...ಪಾಸ್ ತಾನೇ? ಬಲಗೈ ಹೆಬ್ಬೆರಳು ಎತ್ತಿದೆ ನೀನು. ಸರಿಯಾಗಿ ನೋಡಿದೀನಿ.

ಎಡಗೈಯಾ?

ಏನಾದ್ರೂ ಹೇಳೆ. ಬೈಯಿ ಬೇಕಾದ್ರೆ. ಅಂಗೈ ಅಡ್ಡ ಹಿಡಿದಿದ್ಯಾ? ಬಿಡಬೇಡ ಅಂತ ಹೇಳ್ತಿದ್ಯಾ? ಹಾಗಿದ್ರೆ ಇನ್ನೊಂದು ಸಲ ಮಾಡೋಣ. ಒಂದು ಸಲ ಎಲ್ಲರಿಗೂ ತಪ್ಪುತ್ತೆ. ಮಿಷಿನ್ನಿಗೇ ತಪ್ಪುತ್ತೆ... ಮಾತಾಡು ಮಾರಾಯ್ತಿ. ಫ್ಯಾನು ಯಾಕೆ ಆಫ್ ಮಾಡಿದೆ? ಅಲ್ಲಿಂದ ಸ್ವಿಚ್ಚು ಹೇಗೆ... ಸ್ವಿಚ್ಚು ಇರೋದು ಇಲ್ಲಿ, ಈ ಕಡೆ ಗೋಡೆಯಲ್ಲಿ.

ತಡಿ. ಅಲ್ಲೇ ಇರು. ನಾನೇ ಬರ್ತೀನಿ. ಶಟರಿನ ಹತ್ತಿರಾನೇ ಇದೀಯ ತಾನೇ... ಕಾಣ್ತಾ ಇದೀಯ, ಬರ್ತಾ ಇದೀನಿ... ಕೋಪ ಮಾಡ್ಕೋಬೇಡ, ಕೈ ಕೊಡು...

ಇದು... ಸೀಟ್ ಕವರು. ಯಾರೋ ತೂಗಿ ಹಾಕಿರೋ ಸೀಟ್ ಕವರು ಇದು.

ನೀನೆಲ್ಲಿದೀಯ?

ಉಸಿರು ಕೇಳ್ತಾ ಇದೆ. ನನ್ನ ಹಿಂದೆ ಇದೀಯ. ಸ್ವಿಚ್ಚಿನ ಹತ್ತಿರಾನೇ ಇದ್ಯಾ ಇಷ್ಟು ಹೊತ್ತೂ? ನನ್ನ ಪಕ್ಕದಲ್ಲೇ? ಅಲ್ಲಿಂದ ನೋಡ್ತಾ ಇದ್ಯಾ, ನಾನು ಸೀಟ್ ಕವರಿಗೆ... ಕೈ ಎಲ್ಲಿ? ಇಲ್ಲಿ ಕೊಡು. ಎಲ್ಲಿ ನಿನ್ನ ಹೆಬ್ಬೆರಳು... ಎರಡೂ ಕೈಯಲ್ಲಿ ಬಾಯಿ ಮುಚ್ಕೊಂಡಿದೀಯ. ಒದ್ದೆ. ಕೈಯೆಲ್ಲ ಒದ್ದೆಯಾಗಿದೆ.

ಅಳಬೇಡ. ಅಳಬೇಡ ಕಣೇ... ಹೌದು. ನೀನು ಅಂದ್ಕೊಂಡಿದ್ದೇ. ಕಣ್ಣು ನಡುವಿಂದ ಹೋಗ್ತಾ ಇದೆ. ಯಾವುದನ್ನ ನೇರ ನೋಡ್ತೀನೋ ಅದೇ ಇರಲ್ಲ. ನಿನ್ನ ಮುಖ ನೋಡಿದ್ರೆ ಅಲ್ಲಿ ಬರೀ ಹೊಗೆ. ಪಕ್ಕಕ್ಕೆ ತಿರುಗಿದ್ರೆ ಅಂಚಿನಲ್ಲಿ ಒಂಚೂರು ಸಿಗ್ತೀಯ. ಅದಕ್ಕೇ ಗೋಡೆ ನೋಡ್ತಿದ್ದೆ. ಗೋಡೆ ನೋಡ್ತಿರಲಿಲ್ಲ, ನಿನ್ನ ನೋಡ್ತಿದ್ದೆ. ಡಾಕ್ಟ್ರು ಇದು ವಾಪಸ್ ಬರಲ್ಲ ಅಂದ್ರು. ಎಷ್ಟು ದಿನ ಉಳಿಯುತ್ತೆ ಅಂದ್ರೆ ಅವರೂ ಕೈ ಮೇಲೆ ಮಾಡಿದ್ರು. ನಾಲ್ಕು ತಿಂಗಳು ಇರುತ್ತೋ ಇಲ್ವೋ.

ಏನು ಹೇಳಬೇಕಿತ್ತು ನಾನು? ನೀನು ಎಲ್ಲಾ ಬಿಟ್ಟು ನನ್ನ ಕೈ ಹಿಡ್ಕೊಂಡು ಮನೆಯಲ್ಲಿ ಕೂತುಬಿಡ್ತಿದ್ದೆ. ಪಟ ಅಟ್ಟಕ್ಕೆ ಹೋಗ್ತಿತ್ತು. ನನಗೆ ಗೊತ್ತಿಲ್ವಾ ನಿನ್ನ.

ಯಾಕೆ ಕೈ ಕಿತ್ಕೊಂಡೆ? ಅದಲ್ಲ ಅಲ್ವಾ? ಅದಕ್ಕಲ್ಲ ನೀನು ಅಳ್ತಿರೋದು. ...ಹೌದು. ದ್ವೀಪದಲ್ಲೂ ಹೀಗೇ ಪಟ ಬಿಟ್ಟುಬಿಡ್ತಿದ್ದೆ. ಎತ್ತಿದೆ, ನೋಡಿದೆ ಅಂದು ಬಿಟ್ಟುಬಿಡ್ತಿದ್ದೆ. ನೀನು ಅಂಗೈ ಅಡ್ಡ ಹಿಡ್ಕೊಂಡು ನಿಂತಿದ್ರೂ. ಅಷ್ಟು ದೂರ ಯೋಚನೆ ಮಾಡಿರಲಿಲ್ಲ ಕಣೇ... ಸುಳ್ಳು. ಮಾಡಿದ್ದೆ. ಪ್ರತಿದಿನ ಮಾಡ್ತಿದ್ದೆ. ಮಾಡಿ, ಆಗಲ್ಲ ಬಿಡು ಅಂತ ಮಗ್ಗುಲಾಗ್ತಿದ್ದೆ. ಹೊಡಿ ನನಗೆ. ಎರಡು ಬಾರಿಸು.

ಬೇರೆ ಯಾರಾದ್ರೂ ಬಿಡಲಿ ನಿನ್ನ ಪಟ. ಅಲ್ಲಿಯವರು ಯಾರಾದ್ರೂ ಸಿಗ್ತಾರೆ. ನಾನು ಮುಟ್ಟಲ್ಲ, ಆಣೆ. ಮರಳಲ್ಲಿ ಒಂದು ಕಡೆ ಕೂತಿರ್ತೀನಿ, ಪಕ್ಕಕ್ಕೆ ಮುಖ ಮಾಡ್ಕೊಂಡು. ನಿನ್ನ ಬೆರಳು ಕಾಣಲ್ಲ, ಮುಖ ಕಾಣಲ್ಲ, ಆದ್ರೆ ಅಷ್ಟು ದೊಡ್ಡ ಕಿತ್ತಳೆ ಬಣ್ಣ ನೀಲಿ ಮೇಲೆ ಓಡಿದ್ರೆ ಇನ್ನೂ ಕಾಣುತ್ತೆ. ಅದರ ಕೆಳಗೆ ಇರೋದು ನೀನೇ ಅಂತ ಗೊತ್ತಿದ್ರೆ ನನಗೆ ಸಾಕು. ಗಾಳಿ ಮುಂದಿನ ವರ್ಷಾನೂ ಬರುತ್ತೆ, ನನ್ನ ಕಣ್ಣು ಬರಲ್ಲ.

ಹೋಗೋಣ ತಾನೇ? ಈ ತಿಂಗಳು?

...ತಲೆ ಅಲ್ಲಾಡಿಸ್ತಿದ್ರೆ ನನಗೆ ಕಾಣಲ್ಲ ಕಣೇ. ಬಾಯಿ ಬಿಟ್ಟು ಹೇಳು.