ಸ್ಟಾಂಪಿಲ್ಲದ ಕಟ್ಟು

೧೯೭೯ರಲ್ಲಿ ಹೊನ್ನಾಳಿಯ ಅಂಚೆ ಕಚೇರಿಯಲ್ಲಿ ಕೇಳಿದ ಮಾತಿದು. ಸಾಲು ಸರಿಯದೆ ನನಗೆ ಸಿಟ್ಟು ಬಂದಿತ್ತು. ಮುಂದೆ ಇಬ್ಬರು ಹೆಂಗಸರು. ಸಾವಂತ್ರಮ್ಮನ ಕಂಕುಳಲ್ಲಿ ಎರಡೂ ತುದಿ ತೆರೆದಿದ್ದ ದಪ್ಪ ಪುಸ್ತಕದ ಕಟ್ಟು, ಕೊಟ್ರಮ್ಮನ ಕೈಯಲ್ಲಿ ಮಗನ ಲಗ್ನಪತ್ರಿಕೆಗಳು.

“ಇಷ್ಟು ದೊಡ್ಡ ಕಟ್ಟಿಗೆ ಒಂದು ಸ್ಟಾಂಪೂ ಹಚ್ಚಿಲ್ಲಲ್ಲ ಸಾವಂತ್ರಕ್ಕ?”

“ಕಣ್ಣು ಕಾಣದೋರು ಓದೋ ಪುಸ್ತಕಕ್ಕೆ ಸ್ಟಾಂಪು ಬ್ಯಾಡ ಕೊಟ್ರಮ್ಮ. ಮೈಸೂರಿನ ಲೈಬ್ರರಿಯಿಂದ ಹಂಗೇ ಬರ್ತೈತೆ, ಹಂಗೇ ವಾಪಸ್ ಹೋಗ್ತೈತೆ.”

“ಕಣ್ಣು ಕಾಣದೆ ಓದೋದು ಹೆಂಗೆ?”

“ನನ್ನ ಮಗಳು ಹಾಲಮ್ಮ ಬೆರಳಾಗೆ ಓದ್ತಾಳೆ. ಕೈ ಹಾಕಿ ನೋಡು.”

ಕೊಟ್ರಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಟ್ಟಿನೊಳಗೆ ಎರಡು ಬೆರಳು ತೂರಿಸಿದರು.

“ಅವ್ವಾ! ರಾಗಿ ಕಾಳು ಅಂಟಿಸಿದಂಗೈತೆ. ಏನು ಬರೆದೈತೆ ಇಲ್ಲಿ?”

“ನಂಗೇನು ಗೊತ್ತು? ನಾನೇನು ಸಾಲಿ ಕಲಿತೋಳಾ? ಕರೆಂಟು ಹೋದಾಗ ಅವಳು ಓದ್ತಾಳೆ. ಕಣ್ಣಿದ್ದೋರೆಲ್ಲ ಕತ್ತಲಾಗೆ ಕೂತು ಕೇಳ್ತೀವಿ.”

ಅಷ್ಟರಲ್ಲಿ ಕಿಟಕಿಯ ಹಿಂದಿನ ಗುಮಾಸ್ತರು ಕಟ್ಟನ್ನು ಎಳೆದುಕೊಂಡು ಸೀಲು ಎತ್ತಿದರು.

“ಸ್ವಾಮಿ, ಗುದ್ದಬ್ಯಾಡ್ರಿ! ಅಕ್ಷರ ಚಪ್ಪಟೆ ಆದ್ರೆ ಇದನ್ನ ತರಿಸಿಕೊಳ್ಳೋ ಇನ್ನೊಬ್ರು ಏನು ಓದಬೇಕು?”

ಎತ್ತಿದ ಕೈ ಅಲ್ಲೇ ನಿಂತಿತು. ಬೆಳಗಿನಿಂದ ಮೇಜು ನಡುಗುವಂತೆ ಗುದ್ದುತ್ತಿದ್ದ ಮನುಷ್ಯ, ಸೀಲನ್ನು ಹೊದಿಕೆಯ ಮೂಲೆಯಲ್ಲಿ ಮೆಲ್ಲಗೆ ಒತ್ತಿದರು. ಆಮೇಲೆ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ, ಉಳಿದ ಟಪಾಲಿನ ಮೇಲೆ ಇಟ್ಟರು.

ಕೊಟ್ರಮ್ಮ ತಮ್ಮ ಲಗ್ನಪತ್ರಿಕೆಗಳನ್ನು ಕಿಟಕಿಯೊಳಗೆ ತಳ್ಳಿ, ಆಗಲೇ ಹೊರಟಿದ್ದ ಸಾವಂತ್ರಮ್ಮನ ಹಿಂದೆ ಹೆಜ್ಜೆ ಹಾಕುತ್ತ ಹೇಳಿದರು:

“ನನ್ನವು ಎಷ್ಟು ಬೇಕಾದ್ರೂ ಗುದ್ರಿ ಸ್ವಾಮಿ. ಇವು ಬರೀ ಕಣ್ಣಾಗೆ ಓದೋವು.”